ಹದಿನಾರು ಕೆರೆಯ ದೂರದ ನೆಂಟರು

ಭತ್ತದ ಕುಯ್ಲು ಶುರುವಾಗುವ ಹೊತ್ತಿಗೆ ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಗೆ, ತಿ. ನರಸೀಪುರ ತಾಲ್ಲೂಕಿನ ಕಗ್ಗಲೀಪುರದ ಕೆರೆಗೆ ಪಟ್ಟೆ ತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ. ಬಿಳಿ ತಲೆ, ನೆತ್ತಿಯ ಹಿಂದೆ ಕಾಡಿಗೆಯಲ್ಲಿ ಎಳೆದಂಥ ಎರಡು ಅಡ್ಡ ಪಟ್ಟೆ, ಅರಿಸಿನ ಬಣ್ಣದ ಕೊಕ್ಕು, ಕಾಲು. ಹಗಲೆಲ್ಲ ನೀರಿನ ಅಂಚಿನಲ್ಲಿ ಗುಂಪಾಗಿ ಕೂತು ತೂಕಡಿಸುತ್ತವೆ. ಸೂರ್ಯ ಇಳಿದ ಮೇಲೆ ಒಂದೊಂದೇ ತಂಡ ಏರಿಯ ಮೇಲೆ ಹಾದು ಗದ್ದೆಗಳಿಗೆ ಹೋಗುತ್ತದೆ. ಬೇಸಿಗೆ ಕಾವೇರುವ ಮುಂಚೆ ಉತ್ತರಕ್ಕೆ ಹೊರಟುಬಿಡುತ್ತವೆ.

ಈ ಸಲದ ಸಂಕ್ರಾಂತಿ ರಜೆಯನ್ನು ಹದಿನಾರಿನ ನೆಂಟರ ಮನೆಯಲ್ಲಿ ಕಳೆದು ಮೈಸೂರಿಗೆ ಮರಳಿದ್ದೇನೆ. ತಿ. ನರಸೀಪುರದ ನನ್ನ ತಂಗಿಯ ಮಗಳು ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಇಲ್ಲಿ ಸರ್ಕಾರಿ ಸೀಟು ಸಿಗದೆ, ಖಾಸಗಿ ಕಾಲೇಜಿನ ಶುಲ್ಕ ಕಟ್ಟಲಾಗದೆ ಅಲ್ಲಿಗೆ ಹೋದ ಕರ್ನಾಟಕದ ಮಕ್ಕಳಲ್ಲಿ ಅವಳೂ ಒಬ್ಬಳು. ಕಳೆದ ಬೇಸಿಗೆಯಲ್ಲಿ ಕಿರ್ಗಿಸ್ ಸಹಪಾಠಿಗಳ ಜೊತೆ ಸೋನ್ ಕುಲ್ ಸರೋವರಕ್ಕೆ ಹೋಗಿದ್ದಳು. ಅಲ್ಲಿಂದ ಕಳಿಸಿದ ಒಂದು ಚಿತ್ರದಲ್ಲಿ ಹಿಂದೆ ಕುದುರೆಗಳು, ಉಣ್ಣೆಕಂಬಳಿ ಹೊದೆಸಿದ ದುಂಡು ಗುಡಾರ; ಮುಂದೆ ನೀರಿನಂಚಿನಲ್ಲಿ ಮರಿಗಳನ್ನು ನಡೆಸಿಕೊಂಡು ಹೊರಟ ಹೆಬ್ಬಾತುಗಳ ಜೋಡಿ. ಹದಿನಾರಿನ ಏರಿಯ ಮೇಲೆ ನಿಂತು ನಾನು ವಿಡಿಯೊ ಕರೆಯಲ್ಲಿ ಅವಳಿಗೆ ಇಲ್ಲಿನ ಗುಂಪನ್ನು ತೋರಿಸಿದಾಗ, “ದೊಡ್ಡಮ್ಮ, ಇವು ನಮ್ಮ ಸೋನ್ ಕುಲ್‌ನವೇ!” ಎಂದು ಕೂಗಿಬಿಟ್ಟಳು. ಅವಳ ಕಿಟಕಿಯಾಚೆ ಹಿಮ ಬೀಳುತ್ತಿತ್ತು.

ಕುಲ ಅದೇ. ಸೋನ್ ಕುಲ್ ಇರುವುದು ಸಮುದ್ರಮಟ್ಟದಿಂದ 3,016 ಮೀಟರ್ ಮೇಲೆ, ನಮ್ಮ ಚಾಮುಂಡಿ ಬೆಟ್ಟದ ತುದಿಗಿಂತ ಸುಮಾರು ಮೂರು ಪಟ್ಟು ಎತ್ತರದಲ್ಲಿ. ಚೀನಾ ಗಡಿಯ ಹತ್ತಿರದ ಚಾತಿರ್ ಕುಲ್ ಇನ್ನೂ ಮೇಲಿದೆ. ಟಿಬೆಟ್, ಮಂಗೋಲಿಯಾ, ಕಿರ್ಗಿಸ್ತಾನದ ಇಂಥ ಸರೋವರಗಳ ಬಳಿ ಈ ಹಕ್ಕಿ ಮರಿ ಮಾಡುತ್ತದೆ. ಮಂಗೋಲಿಯಾದ ಸಂಶೋಧಕರು ಕೆಲವು ಹೆಬ್ಬಾತುಗಳ ಕೊರಳಿಗೆ ಅಕ್ಷರ, ಅಂಕಿ ಬರೆದ ಪಟ್ಟಿ ತೊಡಿಸಿ ಬಿಟ್ಟಿದ್ದಾರೆ. ಅಂಥ ಪಟ್ಟಿಗಳನ್ನು ನಮ್ಮ ಸೀಮೆಯ ಪಕ್ಷಿವೀಕ್ಷಕರು ದೂರದರ್ಶಕದಲ್ಲಿ ಓದಿ, ಹುಟ್ಟೂರು ಪತ್ತೆ ಮಾಡಿದ್ದಾರೆ. ಹಾಗಾಗಿ ಇಲ್ಲಿಯವುಗಳ ನಂಟು ಮಂಗೋಲಿಯಾದ ಕಡೆಗೆ. ಅದನ್ನು ಹೇಳಿದರೆ ಮಗು, “ಆದರೇನು, ದಾಯಾದಿಗಳು ತಾನೇ?” ಎಂದಳು. ನನಗೂ ಹಾಗೇ ಕರೆಯಲು ಇಷ್ಟವಾಯಿತು.

ಹಿಮಾಲಯವನ್ನು ದಾಟಿ ಬರುವ ಹಕ್ಕಿ ಇದು. ತಮಿಳುನಾಡಿನ ಕೂಂದನ್‌ಕುಳಂ, ಒಡಿಶಾದ ಚಿಲಿಕಾಗಳಲ್ಲಿ ಹಿಡಿದು ಉಪಗ್ರಹ ಸಾಧನ ಕಟ್ಟಿಬಿಟ್ಟ ಹೆಬ್ಬಾತುಗಳ ಜಾಡನ್ನು ವಿಜ್ಞಾನಿ ಲೂಸಿ ಹಾಕ್ಸ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದರು. ಉತ್ತರಕ್ಕೆ ಹೋಗುವಾಗ ಹಿಮಾಲಯದ ಏರನ್ನು ಅವು ಏಳೆಂಟು ಗಂಟೆಯಲ್ಲೇ ಏರಿಬಿಡುತ್ತವಂತೆ. ಗಾಳಿಯ ನೆರವಿಗೆ ಕಾಯದೆ, ರೆಕ್ಕೆ ಬಡಿದೇ ಏರುತ್ತವೆ. ರಾತ್ರಿ ಹೊತ್ತು, ಮುಂಜಾವಿನಲ್ಲಿ ತಣ್ಣಗಿನ ದಟ್ಟ ಗಾಳಿ ಇರುವಾಗ ಹೆಚ್ಚು ಹಾರುತ್ತವೆ. ಮುಂದಿನ ಅಧ್ಯಯನವೊಂದರಲ್ಲಿ 7,290 ಮೀಟರ್ ಎತ್ತರದ ಹಾರಾಟ ದಾಖಲಾಯಿತು. ಅವುಗಳ ರಕ್ತದ ಹಿಮೋಗ್ಲೋಬಿನ್ ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಅಷ್ಟೆಲ್ಲ ಮಾಡಿ ಬಂದವು ಕೇಳುವುದು ಒಂದು ತೆಳು ನೀರಿನ ದಡ, ಹತ್ತಿರದಲ್ಲೇ ಮೇವು, ಬೆನ್ನಟ್ಟದ ನಾಯಿ. ಇಷ್ಟೇ.

ಆ ಮೇವು ಕೊಡುವವರು ಯಾರು ಎನ್ನುವುದನ್ನು ನಗರದ ನಾವು ಸಲೀಸಾಗಿ ಮರೆಯುತ್ತೇವೆ. ಹದಿನಾರು ಕೆರೆ ಅಭಯಾರಣ್ಯವಲ್ಲ, ಬೇಸಾಯದ ಕೆರೆ. ಏರಿ, ತೂಬು, ಕೋಡಿ, ಕೆಳಗೆ ಅಚ್ಚುಕಟ್ಟು. ತೂಬು ಯಾವಾಗ ಎತ್ತಬೇಕು, ಯಾವ ಬಯಲಿಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂಬುದನ್ನು ಇಂಥ ಕೆರೆಗಳಲ್ಲಿ ನೀರುಗಂಟಿಗಳು ತಲೆತಲಾಂತರದಿಂದ ನೋಡಿಕೊಂಡು ಬಂದರು. ನೀರು ಬಿಟ್ಟಂತೆಲ್ಲ ಕೆರೆಯ ಅಂಗಳ ಸ್ವಲ್ಪಸ್ವಲ್ಪವೇ ಬಯಲಾಗುತ್ತದೆ, ಅಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಕುಯ್ದ ಗದ್ದೆಯಲ್ಲಿ ಉದುರು ಭತ್ತ ಉಳಿದಿರುತ್ತದೆ. ರೈತನ ವರ್ಷದ ಲೆಕ್ಕವೂ ಹೆಬ್ಬಾತಿನ ಚಳಿಗಾಲದ ಲೆಕ್ಕವೂ ಇಲ್ಲಿ ಕೂಡಿಕೊಂಡಿವೆ. ಯಾರೋ ಯೋಜನೆ ಹಾಕಿ ಮಾಡಿದ್ದಲ್ಲ.

ಹದಿನಾರಿನಲ್ಲಿದ್ದಾಗ ಒಂದು ಬೆಳಿಗ್ಗೆ ಮಂಜು ಕರಗುವ ಮುಂಚೆ ಹುರುಳಿ ಹೊಲವೊಂದಕ್ಕೆ ಹೋಗಿದ್ದೆ. ಒಂದು ಮೂಲೆಯಲ್ಲಿ ಹೆಬ್ಬಾತುಗಳು ಕುಡಿಗಳನ್ನು ಕತ್ತರಿಯಾಡಿಸಿದಷ್ಟು ಸಮವಾಗಿ ಮೇದಿದ್ದವು. ಸಾಲಿನ ನಡುವೆ ಬೆರಳುದ್ದದ ಹಸಿರು ಹಿಕ್ಕೆ, ಒದ್ದೆ ಮಣ್ಣಿನಲ್ಲಿ ಜಾಲಪಾದದ ಗುರುತು. ಹೊಲದ ಯಜಮಾನಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನೋಡುತ್ತ ನಿಂತಿದ್ದರು. ನಷ್ಟ ಅಲ್ಲವೇನಮ್ಮ ಎಂದೆ. “ತಿನ್ನೋದು ತಿಂತವೆ ಕನವ್ವ. ಮೂಕ ಜೀವ, ಏನ್ ಮಾಡಕಾಯ್ತದೆ? ನಾಕು ದಿನ ಓಡುಸ್ತೀವಿ, ಆಮೇಲೆ ಸುಮ್ನಾಯ್ತೀವಿ” ಎಂದರು. ಅವರ ಮುಖದಲ್ಲಿ ಬೇಸರವೂ ಇತ್ತು. ಅದನ್ನು ಔದಾರ್ಯ ಎಂದು ಹೊಗಳಿ ಮುಂದೆ ನಡೆದುಬಿಡುವುದು ತಪ್ಪೆಂದು ನಾನು ಭಾವಿಸುತ್ತೇನೆ. ಆ ಮೂಲೆಯ ಹುರುಳಿಗೆ ಬೆಲೆಯಿದೆ, ಅದನ್ನು ಇವತ್ತು ಅವರೊಬ್ಬರೇ ತೆರುತ್ತಿದ್ದಾರೆ. ಗದಗ ಜಿಲ್ಲೆಯ ಮಾಗಡಿ ಕೆರೆಯೂ ಇದೇ ಹೆಬ್ಬಾತುಗಳಿಗೆ ಹೆಸರುವಾಸಿ. 2024ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್ಸರ್ ಮಾನ್ಯತೆ ಸಿಕ್ಕಿತು. ಕೆರೆಗೆ ಸಿಕ್ಕ ಗೌರವದಲ್ಲಿ ಸುತ್ತಲ ಹೊಲದವರಿಗೂ ಪಾಲು ಸಿಗಬೇಕು.

ಸೋನ್ ಕುಲ್‌ನ ಕಥೆಯೂ ಬೇರೆಯಲ್ಲ. ಜೂನ್ ಹೊತ್ತಿಗೆ ಕುರುಬರ ಮನೆಗಳವರು ಕುರಿ, ಕುದುರೆ ಹೊಡೆದುಕೊಂಡು ಮೇಲಕ್ಕೆ ಬರುತ್ತಾರೆ, ಗುಡಾರ ಹೂಡುತ್ತಾರೆ, ಸೆಪ್ಟೆಂಬರ್‌ಗೆ ಇಳಿದು ಹೋಗುತ್ತಾರೆ. ನಮ್ಮ ಹುಡುಗಿ ಉಳಿದುಕೊಂಡಿದ್ದು ಸಹಪಾಠಿಯೊಬ್ಬಳ ಅಜ್ಜಿಯ ಗುಡಾರದಲ್ಲಿ. ಹುಳಿ ಬಂದ ಕುದುರೆ ಹಾಲನ್ನು ಮೊದಲು ಕುಡಿಯಲಾಗಲಿಲ್ಲವಂತೆ, ಆಮೇಲೆ ರೂಢಿಯಾಯಿತಂತೆ. ಅಜ್ಜಿ ಬೆಳಿಗ್ಗೆ ನಾಲ್ಕಕ್ಕೇ ಎದ್ದು ಹಾಲು ಕರೆಯಲು ಹೋಗುತ್ತಿದ್ದರು. ರಜೆಗೆ ಬಂದವರೆಲ್ಲ ಮಲಗಿರುತ್ತಿದ್ದರು. “ನಾವು ಬಿಷ್ಕೆಕ್‌ಗೆ ವಾಪಸ್ ಬಂದು, ಎಂಥ ಶಾಂತಿ ಇತ್ತು ಅಂತ ಮಾತಾಡ್ಕೊಂಡ್ವಿ ದೊಡ್ಡಮ್ಮ. ಅಜ್ಜಿಗೆ ಅಲ್ಲಿ ಒಂದು ಗಳಿಗೆ ಕೂರಕ್ಕೂ ಪುರಸೊತ್ತಿರಲಿಲ್ಲ” ಎಂದಳು. ಇಪ್ಪತ್ತು ತುಂಬದ ಹುಡುಗಿ ಇದನ್ನು ಕಂಡುಕೊಂಡಳಲ್ಲ ಎಂದು ನನಗೆ ಹೆಮ್ಮೆಯಾಯಿತು.

ಮೈಸೂರಿಗೆ ಬಂದ ಮಾರನೆಯ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ಹೋದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಇದನ್ನು ಕಟ್ಟಿಸಿದ್ದು ವಾಯುವಿಹಾರಕ್ಕಲ್ಲ, ಊರಾಚೆಯ ಹೊಲಗದ್ದೆಗಳಿಗೆ ನೀರು ಕೊಡಲು. ಗದ್ದೆ ಹೋಗಿ ಬಡಾವಣೆ ಬಂತು. ಕುವೆಂಪು ಅಡ್ಡಾಡಿದ ಏರಿ ಉಳಿಯಿತು, ಹೆಜ್ಜಾರ್ಲೆಗಳು ಉಳಿದವು, ಅದು ನಮ್ಮ ಭಾಗ್ಯ. ಆದರೆ ಕೆರೆಗೂ ಅದರ ಸುತ್ತ ನಡೆಯುವ ನಮಗೂ ನಡುವೆ ಕೆಲಸದ ಸಂಬಂಧ ಏನೂ ಉಳಿದಿಲ್ಲ. ನಾವು ಅದರ ನೀರು ಎತ್ತುವುದಿಲ್ಲ, ಹೂಳು ಹೊರುವುದಿಲ್ಲ, ಚರಂಡಿ ನೀರು ಸೇರಿದರೆ ಅರ್ಜಿ ಬರೆಯುತ್ತೇವೆ ಅಷ್ಟೆ. ಹೀಗೆ ನೋಡುವುದಕ್ಕೆ ಮಾತ್ರ ಉಳಿದ ಕೆರೆಯ ಕಣ್ಣಿನಿಂದಲೇ ಹದಿನಾರನ್ನೂ ನೋಡಿ, ಅಲ್ಲಿ ಉದ್ಯಾನ, ದೋಣಿ, ದೀಪ ಬೇಕೆಂದು ಕೇಳತೊಡಗುತ್ತೇವೆ ಎಂಬುದೇ ನನ್ನ ಭಯ.

ಹದಿನಾರಿಗೆ ದೂರದಿಂದ ಬಂದವರು ಹೊಸಬರಲ್ಲ. ದ್ವಾರಕೆಯಿಂದ ಬಂದ ಯದುರಾಯ, ಕೃಷ್ಣರಾಯ ಎಂಬ ಸೋದರರು ಕಾರುಗಹಳ್ಳಿ ಮಾರನಾಯಕನನ್ನು ಗೆದ್ದು, ಇಲ್ಲಿನ ಅರಸುಮಗಳು ದೇವಾಜಮ್ಮಣ್ಣಿಯನ್ನು ಯದುರಾಯ ಕೈಹಿಡಿದ ಎಂಬುದು ಐತಿಹ್ಯ. 1399ರಲ್ಲಿ ಒಡೆಯರ ವಂಶ ಹಾಗೆ ಮೊದಲಾಯಿತು ಎನ್ನುತ್ತಾರೆ. ಊರಿನವರು ಹೆಬ್ಬಾತುಗಳ ಬಗ್ಗೆ ಮಾತಾಡುವಾಗಲೂ ಅಂಥದೇ ಹೆಮ್ಮೆ ಕಾಣುತ್ತದೆ.

ಹಕ್ಕಿಗಳು ಹೊರಟ ಮೇಲೆ, ನೀರು ಇಳಿದ ಕೆರೆಗಳಿಗೆ ಹೂಳೆತ್ತುವ ಯಂತ್ರ ಇಳಿಸುವ ಕಾಲ. ಹೂಳು ತೆಗೆಯಲೇಬೇಕು, ಹೊಲಕ್ಕೆ ಅದರಂಥ ಗೊಬ್ಬರವಿಲ್ಲ. ಆದರೆ ಸುತ್ತಲೂ ಗೋಡೆಯಂತೆ ಕಡಿದು ಆಳ ಮಾಡಿದರೆ ಹೆಬ್ಬಾತು ಕಾಲೂರುವ ತೆಳು ನೀರು ಉಳಿಯುವುದಿಲ್ಲ, ನೀರಿಗಿಳಿದ ಎಮ್ಮೆ ಮೇಲೆ ಹತ್ತುವುದೂ ಕಷ್ಟ. ಏರಿಯ ಎದುರು ದಿಕ್ಕಿನ ದಡವನ್ನು ಈಗಿರುವಂತೆ ಇಳಿಜಾರಾಗಿಯೇ ಬಿಡಿ ಎಂದು ಹದಿನಾರು, ಕಗ್ಗಲೀಪುರಗಳ ಗ್ರಾಮಸಭೆಗಳಲ್ಲಿ ಬೇಸಿಗೆಗೆ ಮೊದಲೇ ಮಾತಾಗಬೇಕು. ಕುಡಿ ಕಳೆದುಕೊಂಡ ಹುರುಳಿ ಹೊಲಗಳ ಪರಿಹಾರದ ಮಾತೂ ಅದೇ ಸಭೆಯಲ್ಲಿ, ಆ ಯಜಮಾನಿಯಂಥವರ ಎದುರೇ ಆಗಲಿ.