ಪಡಸಾಲೆಯ ಪರದೆ ಎಷ್ಟು ದೊಡ್ಡದಾಗಬೇಕು?

“ನಮ್ಮ ಟಿ.ವಿ. ಹಳೆಯದಾಯಿತು, ಈ ಹಬ್ಬಕ್ಕಾದರೂ ಬದಲಿಸೋಣ” ಎಂಬ ಮಾತು ಕೇಳಿಬರದ ಮನೆ ಇಂದು ಅಪರೂಪ. ಕುತೂಹಲದಿಂದ ವಿಚಾರಿಸಿ ನೋಡಿ: ಆ ಟಿ.ವಿ. ಕೆಟ್ಟಿರುವುದಿಲ್ಲ. ಚಿತ್ರ ಮೂಡುತ್ತದೆ, ಧ್ವನಿ ಹೊರಡುತ್ತದೆ, ರಿಮೋಟ್ ಮಾತು ಕೇಳುತ್ತದೆ. ಹಾಗಿದ್ದರೂ ಅದು ‘ಹಳೆಯದು’. ಏಕೆಂದರೆ ನೆರೆಮನೆಗೆ ಅದಕ್ಕಿಂತ ದೊಡ್ಡದೊಂದು ಬಂದಿದೆ. ವಸ್ತುವಿನ ಆಯುಷ್ಯವನ್ನು ಅದರ ಉಪಯೋಗದಿಂದ ಅಳೆಯದೆ ನೆರೆಯವರ ಗೋಡೆಯಿಂದ ಅಳೆಯುವ ಈ ಪರಿಪಾಠವನ್ನು ನಾನು ಖಂಡಿಸಬಯಸುತ್ತೇನೆ. ಖಂಡಿಸುವ ಮೊದಲು ಒಂದು ತಪ್ಪೊಪ್ಪಿಗೆ: ನಮ್ಮ ಮನೆಯೂ ಇದಕ್ಕೆ ಹೊರತಾಗಿರಲಿಲ್ಲ.

ನಮ್ಮ ಪಡಸಾಲೆಯಲ್ಲಿರುವುದು 43 ಇಂಚಿನ, ಫುಲ್ ಎಚ್.ಡಿ. ಗುಣಮಟ್ಟದ ಟಿ.ವಿ. ಅದನ್ನು 55 ಇಂಚಿನ 4ಕೆ ಟಿ.ವಿ.ಗೆ ಬದಲಿಸಬೇಕೆಂದು ಮಕ್ಕಳು ಹಠ ಹಿಡಿದರು. ಅವರು ಮುಂದಿಟ್ಟ ಪ್ರಬಲ ವಾದವೆಂದರೆ ಅಜ್ಜನದು: “ಅಜ್ಜನಿಗೆ ವಾರ್ತೆ ಸರಿಯಾಗಿ ಅರ್ಥವಾಗುವುದಿಲ್ಲ, ಪಾಪ.” ವೃದ್ಧರ ಹೆಸರಿನಲ್ಲಿ ಬಂದ ಬೇಡಿಕೆಯನ್ನು ತಳ್ಳಿಹಾಕುವುದು ಹೇಗೆ? ನಾನೂ ಅಂಗಡಿಯ ಮೆಟ್ಟಿಲೇರಿದೆ.

ಅಂಗಡಿಯ ಗೋಡೆಯ ಮೇಲೆ ಹತ್ತಾರು ಪರದೆಗಳು ಏಕಕಾಲಕ್ಕೆ ಝಗಝಗಿಸುತ್ತಿದ್ದವು. ಬಣ್ಣಬಣ್ಣದ ಹಕ್ಕಿಗಳು, ಹವಳದ ಬಂಡೆಗಳು, ನಿಧಾನವಾಗಿ ಬೀಳುವ ನೀರ ಹನಿಗಳು. ಆ ದೃಶ್ಯಗಳು ಪರದೆಯನ್ನು ಮಾರುವುದಕ್ಕೆಂದೇ ತಯಾರಾದವು. ಹೊಳಪನ್ನೂ ಅಂಗಡಿಯ ಬೆಳಕಿಗೆ ತಕ್ಕಂತೆ ಏರಿಸಲಾಗಿರುತ್ತದೆ. ನಮ್ಮ ಮನೆಗೆ ಬರುವುದು ಆ ಹಕ್ಕಿಗಳಲ್ಲ. ಕೇಬಲ್ ಮೂಲಕ ಬರುವ ಕನ್ನಡದ ವಾರ್ತೆ, ಧಾರಾವಾಹಿಗಳು ಬಹುಮಟ್ಟಿಗೆ ಸಾಧಾರಣ ಅಥವಾ ಎಚ್.ಡಿ. ಗುಣಮಟ್ಟದವು. ಕಡಿಮೆ ವಿವರದ ಚಿತ್ರವನ್ನು ಹೆಚ್ಚು ಚುಕ್ಕಿಗಳ ಮೇಲೆ ಹರಡಿದಾಕ್ಷಣ ಇಲ್ಲದ ವಿವರ ಹುಟ್ಟಿಕೊಳ್ಳುವುದಿಲ್ಲ.

ಇನ್ನು ಕಣ್ಣಿನ ಮಾತು. ಆರೋಗ್ಯವಂತ ಮನುಷ್ಯನ ಕಣ್ಣು ಸಾಮಾನ್ಯವಾಗಿ ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಅಂತರವನ್ನು ಗುರುತಿಸಬಲ್ಲದು. 43 ಇಂಚಿನ ಫುಲ್ ಎಚ್.ಡಿ. ಪರದೆಯ ಅಗಲ ಸುಮಾರು 95 ಸೆಂಟಿಮೀಟರ್. ಅದರಲ್ಲಿ ಅಡ್ಡಸಾಲಿಗೆ 1920 ಚುಕ್ಕಿಗಳು. ಅಂದರೆ ಒಂದು ಚುಕ್ಕಿ ಅರ್ಧ ಮಿಲಿಮೀಟರಿನಷ್ಟು. ಲೆಕ್ಕ ಹಾಕಿದರೆ, ಸುಮಾರು 1.7 ಮೀಟರಿಗಿಂತ ದೂರ ಕುಳಿತವನಿಗೆ ಆ ಚುಕ್ಕಿಗಳು ಬೇರೆಬೇರೆಯಾಗಿ ಕಾಣುವುದೇ ಇಲ್ಲ. ನಮ್ಮ ಸೋಫಾ ಇರುವುದು ಹತ್ತು ಅಡಿ ದೂರದಲ್ಲಿ, ಅಂದರೆ ಮೂರು ಮೀಟರ್. ಅಲ್ಲಿಂದ ನೋಡುವವನಿಗೆ ಅದೇ ಗಾತ್ರದ ಪರದೆಯಲ್ಲಿ ನಾಲ್ಕು ಪಟ್ಟು ಚುಕ್ಕಿ ತುಂಬಿಸಿ ಕೊಡುವುದು, ಹೊಟ್ಟೆ ತುಂಬಿದವನ ಎಲೆಗೆ ಮತ್ತೆ ಅನ್ನ ಬಡಿಸಿದಂತೆ.

ಆದರೆ ಅಜ್ಜನ ಕಷ್ಟ? ಅದು ಸುಳ್ಳಾಗಿರಲಿಲ್ಲ. ಅಂಗಡಿಯಿಂದ ಬರಿಗೈಯಲ್ಲಿ ಮರಳಿದ ಸಂಜೆ ತಂದೆಯವರ ಪಕ್ಕದಲ್ಲಿ ಕುಳಿತು ಮೊದಲ ಬಾರಿಗೆ ಅವರನ್ನೇ ಕೇಳಿದೆ: “ಚಿತ್ರ ಚಿಕ್ಕದಾಯಿತೇ?” ಅವರು ಹೇಳಿದ್ದು: “ಚಿತ್ರ ಚೆನ್ನಾಗಿಯೇ ಇದೆ. ಮಾತು ತಿಳಿಯುವುದಿಲ್ಲ.” ನಾವು ಅವರ ಹೆಸರಿನಲ್ಲಿ ಎರಡು ತಿಂಗಳು ಚರ್ಚಿಸಿದ್ದೆವು, ಅವರನ್ನು ಒಮ್ಮೆಯೂ ಕೇಳಿರಲಿಲ್ಲ! ತೆಳ್ಳಗಾದಷ್ಟೂ ಟಿ.ವಿ.ಯೊಳಗೆ ಧ್ವನಿವರ್ಧಕಕ್ಕೆ ಸ್ಥಳವಿಲ್ಲದಂತಾಗುತ್ತದೆ. ಹಿಂದಿನ ಡಬ್ಬಿಯಾಕಾರದ ಟಿ.ವಿ.ಗಳ ಧ್ವನಿ ಬಹುಪಾಲು ನೋಡುಗನ ಮುಖಕ್ಕೇ ಬರುತ್ತಿತ್ತು. ಈಗಿನವುಗಳಲ್ಲಿ ಅನೇಕ ಗೋಡೆಗೋ ನೆಲಕ್ಕೋ ಮಾತನಾಡುತ್ತವೆ. ನಾವು ಕಿವಿಯ ಕಾಯಿಲೆಗೆ ಕಣ್ಣಿನ ಔಷಧ ಕೊಳ್ಳಲು ಹೊರಟಿದ್ದೆವು.

ಟಿ.ವಿ.ಯ ಇತಿಹಾಸವನ್ನು ನೆನೆದರೆ ಈ ಮರೆವು ಇನ್ನಷ್ಟು ಚುಚ್ಚುತ್ತದೆ. 1975ರಿಂದ 1976ರವರೆಗೆ ಒಂದು ವರ್ಷ ಕಾಲ ‘ಸೈಟ್’ ಎಂಬ ಉಪಗ್ರಹ ಪ್ರಯೋಗದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮಗಳು ತಲುಪಿದವು, ಅವುಗಳಲ್ಲಿ ನಮ್ಮ ಕಲಬುರಗಿ ಭಾಗದ ಹಳ್ಳಿಗಳೂ ಇದ್ದವು. ಅಂದು ಇಡೀ ಹಳ್ಳಿಗೆ ಒಂದೇ ಪೆಟ್ಟಿಗೆ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣ ಬಂತು. 1987ರಲ್ಲಿ ‘ರಾಮಾಯಣ’ ಧಾರಾವಾಹಿ ಆರಂಭವಾದಾಗಲೂ ಟಿ.ವಿ. ಇದ್ದವರ ಮನೆಯಲ್ಲಿ ಕೇರಿಯೇ ನೆರೆಯುತ್ತಿತ್ತು. ಪರದೆ ಚಿಕ್ಕದಿತ್ತು, ನೋಡುವ ಬಳಗ ದೊಡ್ಡದಿತ್ತು. ಇಂದು ಪರದೆ ಗೋಡೆಯಷ್ಟಾಗಿದೆ. ಎದುರಿಗೆ ಒಬ್ಬ ಮುದುಕರು ಮಾತ್ರ. ಉಳಿದವರು ಕೋಣೆಗಳಲ್ಲಿ ಅಂಗೈಯಗಲದ ಮೊಬೈಲಿನಲ್ಲಿ ಮುಳುಗಿದ್ದಾರೆ. ದೊಡ್ಡ ಪರದೆ ಬೇಕೆಂದು ಹಠ ಹಿಡಿದವರೇ ಚಿಕ್ಕ ಪರದೆಯನ್ನು ಬಿಟ್ಟು ಏಳದಿರುವುದು ವಿಪರ್ಯಾಸವಲ್ಲವೇ?

“ಈಗ ಬೆಲೆ ಇಳಿದಿದೆಯಲ್ಲ” ಎನ್ನುವವರಿದ್ದಾರೆ. ನಿಜ, 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಇಳಿಕೆಯ ಪೂರ್ಣ ಲಾಭ ಗ್ರಾಹಕನಿಗೇ ದೊರೆತರೆ, 50,000 ರೂಪಾಯಿಯ ಟಿ.ವಿ.ಯಲ್ಲಿ ಉಳಿಯುವುದು ಸುಮಾರು 3,900 ರೂಪಾಯಿ. ಅದನ್ನು ಉಳಿಸಲು 46,100 ರೂಪಾಯಿ ಖರ್ಚು ಮಾಡಬೇಕು! ಬೇಕಾದದ್ದನ್ನು ಅಗ್ಗಕ್ಕೆ ಕೊಂಡರೆ ಉಳಿತಾಯ. ಬೇಡದ್ದನ್ನು ಎಷ್ಟೇ ಅಗ್ಗಕ್ಕೆ ಕೊಂಡರೂ ವ್ಯಯವೇ. ‘ಬಡ್ಡಿಯಿಲ್ಲದ ಕಂತು’ ಎಂಬ ಆಮಿಷದ ಬಗೆಗೂ ಎಚ್ಚರ ಬೇಕು. ಇಂಥ ಯೋಜನೆಗಳಲ್ಲಿ ಬಡ್ಡಿ ಅನೇಕ ವೇಳೆ ಸಂಸ್ಕರಣಾ ಶುಲ್ಕದ ವೇಷದಲ್ಲಿ ಅಡಗಿರುತ್ತದೆಂದು ಭಾರತೀಯ ರಿಸರ್ವ್ ಬ್ಯಾಂಕೇ 2013ರಲ್ಲಿ ಬ್ಯಾಂಕುಗಳಿಗೆ ತಿಳಿಹೇಳಿತ್ತು.

ಹೊಸ ‘ಸ್ಮಾರ್ಟ್’ ಟಿ.ವಿ. ನಮಗೆ ತೋರಿಸುವುದಷ್ಟೇ ಅಲ್ಲ, ನಮ್ಮನ್ನು ನೋಡಲೂಬಹುದು. ಯಾವ ಮನೆಯಲ್ಲಿ ಏನನ್ನು ವೀಕ್ಷಿಸುತ್ತಾರೆಂಬ ಮಾಹಿತಿಯನ್ನು ಒಪ್ಪಿಗೆಯಿಲ್ಲದೆ ಸಂಗ್ರಹಿಸಿದ ಆರೋಪದ ಮೇಲೆ ಅಮೆರಿಕದ ವಿಜಿಯೊ ಕಂಪನಿ 2017ರಲ್ಲಿ 22 ಲಕ್ಷ ಡಾಲರ್ ತೆತ್ತು ಪ್ರಕರಣವನ್ನು ಇತ್ಯರ್ಥ ಮಾಡಿಕೊಂಡಿತು. ಪಡಸಾಲೆಗೆ ತರುವ ಅತಿಥಿಯ ಸ್ವಭಾವವನ್ನು ವಿಚಾರಿಸುವುದು ಗೃಹಸ್ಥನ ಕರ್ತವ್ಯ. ಹೊರಹೋಗುವ ಹಳೆಯ ಅತಿಥಿಯ ಗತಿಯೇನೆಂಬುದನ್ನೂ ವಿಚಾರಿಸಬೇಕು. ಹಳೆಯ ಕೊಳವೆ ಟಿ.ವಿ.ಗಳ ಗಾಜಿನಲ್ಲಿ ಸೀಸವಿದೆ. ಮೊದಲ ತಲೆಮಾರಿನ ಅನೇಕ ಎಲ್.ಸಿ.ಡಿ.ಗಳ ದೀಪಗಳಲ್ಲಿ ಪಾದರಸವಿದೆ. ಗುಜರಿಯವನ ಗಾಡಿ ತಿರುವಿನಲ್ಲಿ ಮರೆಯಾದೊಡನೆ ನಮ್ಮ ಹೊಣೆ ಮುಗಿಯಿತೆಂದು ಭಾವಿಸುತ್ತೇವೆ. ಅದನ್ನು ಸುತ್ತಿಗೆಯಿಂದ ಒಡೆದು, ತಂತಿಯನ್ನು ಸುಟ್ಟು ತಾಮ್ರ ತೆಗೆಯುವ ಬಡವನ ಶ್ವಾಸಕೋಶ ನಮ್ಮ ಲೆಕ್ಕದಲ್ಲಿಲ್ಲ.

ಹಾಗೆಂದ ಮಾತ್ರಕ್ಕೆ ಹೊಸ ಟಿ.ವಿ. ಕೊಳ್ಳುವುದೇ ಪಾಪವೆಂದು ನಾನು ಸಾರುತ್ತಿಲ್ಲ. ಪರದೆ ಒಡೆದುಹೋಗಿ ದುರಸ್ತಿಯ ವೆಚ್ಚ ಹೊಸದರ ಸಮೀಪಕ್ಕೆ ಬಂದರೆ ಕೊಳ್ಳುವುದೇ ವಿವೇಕ. ದೃಷ್ಟಿ ನಿಜವಾಗಿಯೂ ಮಂದವಾದವರಿಗೆ ದೊಡ್ಡ ಅಕ್ಷರ ಕಾಣುವ ಪರದೆ ಉಪಕಾರಿ. ಅಂತರ್ಜಾಲದ ಕಾರ್ಯಕ್ರಮಗಳಷ್ಟೇ ಬೇಕಾದರೆ, ಹಳೆಯ ಟಿ.ವಿ.ಗೆ ಎಚ್.ಡಿ.ಎಂ.ಐ. ಕಿಂಡಿಯಿದ್ದಲ್ಲಿ ಕೆಲವೇ ಸಾವಿರ ರೂಪಾಯಿಯ ಕಡ್ಡಿಯೊಂದು ಸಾಕು. ನನ್ನ ಜಗಳ ವಸ್ತುವಿನೊಡನೆ ಅಲ್ಲ. ಅಗತ್ಯವನ್ನು ವಿಚಾರಿಸದೆ, ಅಗತ್ಯವಿರುವವರನ್ನೂ ವಿಚಾರಿಸದೆ ಕೊಳ್ಳುವ ನಮ್ಮ ಅವಸರದೊಡನೆ.

ಕೊನೆಗೆ ನಾವು ತಂದೆಯವರ ಕಿವಿಯನ್ನು ವೈದ್ಯರಿಗೆ ತೋರಿಸಿದೆವು. ಹೊಸ ಟಿ.ವಿ.ಯ ಬೆಲೆಯ ಹತ್ತನೇ ಒಂದು ಪಾಲಿಗಿಂತ ಕಡಿಮೆ ಹಣದಲ್ಲಿ ಒಂದು ಧ್ವನಿವರ್ಧಕ ತಂದು ಪರದೆಯ ಕೆಳಗೆ, ಅವರಿಗೆ ಅಭಿಮುಖವಾಗಿ ಇಟ್ಟೆವು. ಮಾತು ತಿಳಿಯುತ್ತದೆ. ಮಕ್ಕಳ ಮುನಿಸು ಇನ್ನೂ ಪೂರ್ತಿ ಇಳಿದಿಲ್ಲ. ಆದರೆ ಏಳು ಗಂಟೆಯ ವಾರ್ತೆಗೆ ಮನೆಯ ಒಬ್ಬರಾದರೂ ಅಜ್ಜನ ಪಕ್ಕದಲ್ಲಿ ಕೂರಬೇಕೆಂಬ ನಿಯಮವನ್ನು ಅವರೂ ಗೊಣಗುತ್ತಲೇ ಒಪ್ಪಿದ್ದಾರೆ.

ಪ್ರಿಯ ಓದುಗರೇ, ಈ ಹಬ್ಬಕ್ಕೆ ಅಂಗಡಿಗೆ ಹೊರಡುವ ಮುನ್ನ ಅಳತೆಪಟ್ಟಿ ಹಿಡಿದು ಗೋಡೆಯನ್ನು ಅಳೆಯಬೇಡಿ. ಆ ಟಿ.ವಿ.ಯ ಎದುರು ದಿನವೂ ಕೂರುವವರು ಯಾರೆಂದು ನೋಡಿ. ಅವರ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು, ಅವರಿಗೆ ಬೇಕಾಗಿರುವುದೇನೆಂದು ಕೇಳಿ. ಆ ಬಳಿಕವೂ ಹೊಸ ಟಿ.ವಿ. ಬೇಕೆನಿಸಿದರೆ ಧಾರಾಳವಾಗಿ ಕೊಳ್ಳಿ.