ಕಪ್ಪೆಯ ಶ್ವಾಸಕೋಶದಲ್ಲಿ ಕಂಡದ್ದು

“ಇದು ಪರೀಕ್ಷೆಗೆ ಬರುವುದೇ, ಸಾರ್?” ಎಂಬ ಪ್ರಶ್ನೆ ತರಗತಿಯಲ್ಲಿ ದಿನಕ್ಕೊಮ್ಮೆಯಾದರೂ ನಮ್ಮ ಕಿವಿಗೆ ಬೀಳುತ್ತದೆ. ಮುನ್ನೂರು ವರ್ಷಗಳಿಗೂ ಹಿಂದೆ ಇಟಲಿಯ ಪಂಡಿತರು ಇದನ್ನೇ ಬೇರೆ ಮಾತಿನಲ್ಲಿ ಕೇಳಿದ್ದರು. ಕೇಳಿಸಿಕೊಂಡವನು ಬೊಲೋನ್ಯದ ಅಂಗರಚನಾಶಾಸ್ತ್ರಜ್ಞ ಮಾರ್ಚೆಲ್ಲೊ ಮಾಲ್ಪೀಘಿ.

ಮಾಲ್ಪೀಘಿ ಹುಟ್ಟಿದ 1628ರಲ್ಲಿಯೇ ಇಂಗ್ಲೆಂಡಿನ ವಿಲಿಯಂ ಹಾರ್ವೆ ರಕ್ತವು ದೇಹದಲ್ಲಿ ಸುತ್ತುತ್ತದೆಂದು ಸಾರಿದನು. ಆದರೆ ಅಪಧಮನಿಯ ರಕ್ತ ಯಾವ ದಾರಿಯಿಂದ ಅಭಿಧಮನಿಯನ್ನು ಸೇರುವುದೆಂಬುದನ್ನು ಕಾಣದೆಯೇ 1657ರಲ್ಲಿ ತೀರಿಕೊಂಡನು. ಶ್ವಾಸಕೋಶವಾದರೋ ರಕ್ತ ತುಂಬಿದ ಮಾಂಸದ ಮುದ್ದೆಯೆಂದೇ ಆಗಿನ ವೈದ್ಯರ ನಂಬಿಕೆ. 1661ರಲ್ಲಿ ಮಾಲ್ಪೀಘಿ ತನ್ನ ಗೆಳೆಯ ಬೊರೆಲ್ಲಿಗೆ ಬರೆದ ಎರಡು ಪತ್ರಗಳು ಅಚ್ಚಾದವು. ಶ್ವಾಸಕೋಶವು ಮಾಂಸವಲ್ಲ, ತೆಳುಪೊರೆಯ ಅಸಂಖ್ಯ ಗಾಳಿಗೂಡುಗಳ ಸಮೂಹ ಎಂದಿತು ಮೊದಲನೆಯದು. (ಈಗಿನ ಎಣಿಕೆಯಂತೆ ನಮ್ಮೊಳಗೆ ಅವು ಸರಾಸರಿ 48 ಕೋಟಿ!) ಎರಡನೆಯದು ಕಪ್ಪೆಯ ವಿಚಾರ. ಕಪ್ಪೆಯ ಶ್ವಾಸಕೋಶ ತೆಳುವಾದ, ಪಾರದರ್ಶಕವಾದ ಚೀಲ. ಅದನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಅಪಧಮನಿಯನ್ನೂ ಅಭಿಧಮನಿಯನ್ನೂ ಕೂಡಿಸುವ ಲೋಮನಾಳಗಳ ಬಲೆ ಕಂಡಿತು. ರಕ್ತ ಎಲ್ಲಿಯೂ ಹೊರಚೆಲ್ಲದೆ ನಾಳದಲ್ಲಿಯೇ ಹರಿಯುತ್ತಿತ್ತು. ಇದಕ್ಕಾಗಿ ಕಪ್ಪೆಗಳ ಕುಲವನ್ನೇ ಬಹುಮಟ್ಟಿಗೆ ಮುಗಿಸಿದೆನೆಂದು ಅವನೇ ಹೇಳಿಕೊಂಡಿದ್ದಾನೆ. ಓದಿ ನಮಗೆ ನಗು ಬಂತು. ಕಪ್ಪೆಗಳ ಮೇಲೆ ಮರುಕವೂ ಹುಟ್ಟಿತು.

ಆದರೆ ಶ್ವಾಸಕೋಶದ ಕೆಲಸ ರಕ್ತವನ್ನು ಚೆನ್ನಾಗಿ ಬೆರೆಸುವುದೆಂದು ಅವನು ತಿಳಿದಿದ್ದನು. ಆಮ್ಲಜನಕದ ಅರಿವು ಮೂಡಲು ಇನ್ನೂ ನೂರು ವರ್ಷ ಕಳೆಯಬೇಕಾಗಿತ್ತು. ಕಂಡದ್ದು ಸರಿ, ಊಹಿಸಿದ್ದು ತಪ್ಪು. ಪಠ್ಯಪುಸ್ತಕಗಳು ಮೊದಲನೆಯದನ್ನಷ್ಟೇ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ಎರಡನ್ನೂ ಹೇಳಬೇಕೆಂಬುದು ನಮ್ಮ ಅಭಿಪ್ರಾಯ.

1684ರಲ್ಲಿ ಅವನ ಮನೆಗೆ ಬೆಂಕಿ ಬಿದ್ದು ಸೂಕ್ಷ್ಮದರ್ಶಕಗಳೂ ಹಸ್ತಪ್ರತಿಗಳೂ ಸುಟ್ಟುಹೋದವು. 1689ರಲ್ಲಿ ಅದೇ ಊರಿನ ಸ್ಬರಾಲ್ಯ ಎಂಬ ಪ್ರಾಧ್ಯಾಪಕನು, ಇಂಥ ಸೂಕ್ಷ್ಮ ಪರೀಕ್ಷೆಯಿಂದ ರೋಗಿಗೇನು ಪ್ರಯೋಜನವೆಂದು ಗ್ರಂಥವನ್ನೇ ಬರೆದನು. ಇಂದು ಲೋಮನಾಳಗಳನ್ನು ಬಿಟ್ಟು ಶ್ವಾಸಕೋಶದ ರೋಗವನ್ನು ವಿವರಿಸಬಲ್ಲ ವೈದ್ಯನಿಲ್ಲ.

ನಮ್ಮ ಶಾಲೆಯಲ್ಲಿಯೂ ಒಂದು ಸೂಕ್ಷ್ಮದರ್ಶಕವಿದೆ. ಆಯುಧಪೂಜೆಯಂದು ಕುಂಕುಮ ಹಚ್ಚಿಸಿಕೊಂಡು ಮರಳಿ ಕಪಾಟನ್ನು ಸೇರುತ್ತದೆ. ಮಸೂರ ಒಡೆದೀತು, ಅವಧಿ ಸಾಲದು, ಪಾಠಗಳು ಮುಗಿಯಬೇಕು ಎಂಬ ಕಾರಣಗಳನ್ನು ನಾವು ಬಲ್ಲೆವು. ನಾವೇ ಎಷ್ಟೋ ಸಲ ಅವನ್ನು ಹೇಳಿದ್ದೇವೆ. ಇನ್ನು ಹೇಳಲಾರೆವು. ಶನಿವಾರದ ಕೊನೆಯ ಅವಧಿಯಲ್ಲಿ ಕಪಾಟು ತೆರೆಯಲಿ. ಕಪ್ಪೆ ಬೇಡ, ಮನೆಯಿಂದ ಒಂದು ಈರುಳ್ಳಿ ತಂದರೆ ಸಾಕು. ಬೀಗದಕೈ ಜವಾನರ ಬಳಿ ಇದೆ.