ಕೇಳಿದವರು ಕೇಳಿಸಿದ್ದು

ತಾನು ಕೇಳಿ ಮೆಚ್ಚಿದ ಸಂಗೀತವನ್ನು ಇನ್ನೊಬ್ಬರಿಗೆ ಕೇಳಿಸುವ ರೂಢಿ ಗ್ರಾಮಫೋನಿನ ಜೊತೆಗೆ ಹುಟ್ಟಿದ್ದು. ಅದಕ್ಕೂ ಮೊದಲು ಕಛೇರಿ ಕೇಳಿ ಬಂದವರು ಅದನ್ನು ಬಣ್ಣಿಸಬಹುದಿತ್ತು, ಬಂದಷ್ಟು ಗುನುಗಬಹುದಿತ್ತು. ಹಾಡಿದವರ ದನಿಯನ್ನೇ ಮನೆಗೆ ತರುವಂತಿರಲಿಲ್ಲ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಭಾರತೀಯ ಗಾಯನವನ್ನು ಮುದ್ರಿಸಿಕೊಂಡ ಮೇಲೆ ಅದು ಸಾಧ್ಯವಾಯಿತು. ಆಗ ಹಾಡಿದವರಲ್ಲಿ ಗೌಹರ್ ಜಾನ್ ಒಬ್ಬರು. ಹಾಡು ಮುಗಿದೊಡನೆ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಸಾರುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಯಾರ ಹಾಡೆಂದು ಅಲ್ಲಿನವರಿಗೆ ತಿಳಿಯಬೇಕಿತ್ತು. ಇದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದು, 1930ರಲ್ಲಿ ಅಲ್ಲೇ ತೀರಿಕೊಂಡರು.

ಹತ್ತು ಅಂಗುಲದ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷ ಚಿಲ್ಲರೆ. ಕೀಲಿ ಕೊಡಬೇಕು, ಮುಳ್ಳು ಬದಲಿಸಬೇಕು, ತಟ್ಟೆ ಮಗುಚಬೇಕು. ಯಂತ್ರ ದುಬಾರಿ, ಊರಿಗೆ ಒಂದೋ ಎರಡೋ. ಹಾಗಾಗಿ ಅದರ ಹಾಡು ಕೊಂಡವರ ಮನೆಯೊಳಗೆ ಉಳಿಯುತ್ತಿರಲಿಲ್ಲ. ಅಂಗಡಿಯವರು ಗಿರಾಕಿಗಳನ್ನು ಸೆಳೆಯಲು ಹಾಕಿದ ತಟ್ಟೆ ಬೀದಿಗೆಲ್ಲ ಕೇಳಿಸುತ್ತಿತ್ತು. ಈ ಬಿಟ್ಟಿ ಕೇಳಿಕೆಯಿಂದ ಉತ್ತರ ಕರ್ನಾಟಕಕ್ಕೆ ಆದ ಲಾಭ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಧಾರವಾಡದ ಹುಡುಗಿ ಗಂಗೂಬಾಯಿ ಹಾನಗಲ್ಲರು ಗ್ರಾಮಫೋನಿನ ದನಿ ಕಿವಿಗೆ ಬಿದ್ದರೆ ಸಾಕು, ಬೀದಿಗೆ ಓಡಿ ನಿಂತು ಕೇಳಿ, ಕೇಳಿದ್ದನ್ನು ಹಾಡಿಕೊಳ್ಳುತ್ತಿದ್ದರು. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಶಿವಪುತ್ರ ಕೋಮಕಾಳಿಮಠ, ಮುಂದೆ ಕುಮಾರ ಗಂಧರ್ವರಾದವರು, ಎಳೆಯ ವಯಸ್ಸಿನಲ್ಲೇ ದೊಡ್ಡ ಗಾಯಕರ ತಟ್ಟೆಗಳನ್ನು ಕೇಳಿ ಅದೇ ತಾನ, ಅದೇ ನಿಲುಗಡೆಯೊಂದಿಗೆ ವೇದಿಕೆಯಲ್ಲಿ ಒಪ್ಪಿಸಿ ಸಭಿಕರನ್ನು ಬೆರಗುಗೊಳಿಸುತ್ತಿದ್ದರು. ಭೀಮಸೇನ ಜೋಶಿಯವರದು ಇನ್ನೂ ಹೆಸರಾದ ಪ್ರಸಂಗ. ವಾದ್ಯದವರ ಮೆರವಣಿಗೆಯ ಬೆನ್ನುಹತ್ತಿ ಹೋಗಿ ಎಲ್ಲೆಂದರಲ್ಲಿ ಮಲಗಿಬಿಡುತ್ತಿದ್ದ ಮಗನ ಅಂಗಿಯ ಮೇಲೆ ತಂದೆ, ಇವನು ಜೋಶಿ ಮಾಸ್ತರರ ಮಗ ಎಂದು ಬರೆದು ಕಳಿಸುತ್ತಿದ್ದರಂತೆ. ಆ ಹುಡುಗ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಝಿಂಜೋಟಿ ಠುಮ್ರಿಯ ತಟ್ಟೆ ಕೇಳಿದ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟ. ಅಲೆದಾಟ ಮುಗಿದು ಅವನು ತಲುಪಿದ್ದು ಖಾನರ ಶಿಷ್ಯರೇ ಆದ ಕುಂದಗೋಳದ ಸವಾಯಿ ಗಂಧರ್ವರ ಬಳಿಗೆ. ತಟ್ಟೆ ಹಾಕಿದವರಿಗೆ ತಾವು ಯಾರಿಗೆ ಕೇಳಿಸುತ್ತಿದ್ದೇವೆಂಬ ಅರಿವಿರಲಿಲ್ಲ. ಕಿರಾಣಾ ಘರಾಣೆಯ ಚರಿತ್ರೆಯಲ್ಲಿ ಗುರುಗಳ ಹೆಸರಿನ ಪಕ್ಕದಲ್ಲೇ ಅಂಥ ಹೆಸರಿಲ್ಲದವರಿಗೂ ಒಂದು ಜಾಗ ಸಲ್ಲಬೇಕು.

ರಾಜ್ಯದ ಇನ್ನೊಂದು ತುದಿಯಲ್ಲಿ ಇದೇ ಹಂಬಲ ಅರಮನೆಯ ಅಳತೆಯಲ್ಲಿ ನಡೆಯಿತು. ಮೈಸೂರಿನ ಅರಸ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದ ತಟ್ಟೆಗಳನ್ನು ಸಾವಿರಗಟ್ಟಲೆ ಕೂಡಿಟ್ಟಿದ್ದರು. ಅವರಿಗೆ ಹಿಡಿಸಿದವರಲ್ಲಿ ರಷ್ಯದ ನಿಕೊಲಾಯ್ ಮೆಟ್ನರ್ ಒಬ್ಬರು. ಲಂಡನ್ನಿನಲ್ಲಿ ಎಲೆಮರೆಯ ಕಾಯಿಯಂತೆ ಬದುಕುತ್ತಿದ್ದ ಈ ಪಿಯಾನೊ ವಾದಕ-ರಚನಕಾರರ ಕೃತಿಗಳು ಅವರದೇ ಕೈಯಲ್ಲಿ ಮುದ್ರಣವಾಗಬೇಕೆಂದು ಒಡೆಯರು ಹಣ ಒದಗಿಸಿದರು, ಅದಕ್ಕೆಂದೇ ಒಂದು ಸೊಸೈಟಿ ಕಟ್ಟಿಸಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಅವರಿಗೆ ಅರ್ಪಿಸಿ, 1951ರಲ್ಲಿ ತೀರಿಕೊಂಡರು. ಆ ಮುದ್ರಣಗಳಾಗದಿದ್ದರೆ ಅವರ ಬೆರಳುಗಳ ಹದ ಇಂದಿನವರಿಗೆ ಇಷ್ಟರಮಟ್ಟಿಗೆ ತಿಳಿಯುತ್ತಿರಲಿಲ್ಲ. 1950ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿ ಕೇಳಿಬಂದಾಗಲೂ ಬೆನ್ನಿಗಿದ್ದವರು ಒಡೆಯರೇ. ತಾವು ಹೋಗಲಾಗದ ಆ ಕಛೇರಿಯನ್ನು ಮೈಸೂರಿಗೆ ತರಿಸಿಕೊಳ್ಳಲೆಂದು ಮುದ್ರಣ ಮಾಡಿಸಿದರು. ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅಂದು ಹಾಡಿದ್ದು ಲೋಕಕ್ಕೆ ಉಳಿದದ್ದು ಹಾಗೆ.

ರೇಡಿಯೊ ಕೇಳಿಕೆಯನ್ನು ಮನೆಮನೆಗೆ ಹಂಚಿತು. ಮನೋವಿಜ್ಞಾನದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ನಿಲಯ ತೆರೆದರು. ಧಾರವಾಡಕ್ಕೆ 1950ರಲ್ಲಿ, ಬೆಂಗಳೂರಿಗೆ 1955ರಲ್ಲಿ ನಿಲಯಗಳು ಬಂದವು. 1957ರಲ್ಲಿ ವಿವಿಧ ಭಾರತಿ ಶುರುವಾಯಿತು. ಕೋರಿಕೆಯ ಚಿತ್ರಗೀತೆಗಳಲ್ಲಿ ಹಾಡಿಗಿಂತ ಮುಂಚೆ ಬರುತ್ತಿದ್ದುದು ಕೋರಿದವರ ಮತ್ತು ಅವರ ಊರುಗಳ ಹೆಸರು. ಒಂದು ಕಾರ್ಡಿನ ಮೇಲೆ ಮನೆಮಂದಿಯ, ಗೆಳೆಯರ ಹೆಸರನ್ನೆಲ್ಲ ಬರೆದು ಕಳಿಸುವುದು, ಓದಿ ಹೇಳಿದಾಗ ಹಿಗ್ಗುವುದು ಎಲ್ಲೆಡೆ ಇತ್ತು. ಝುಮ್ರಿ ತಲೈಯಾ ಎಂಬ ಗಣಿಯೂರು ದೇಶಕ್ಕೆಲ್ಲ ಪರಿಚಯವಾದದ್ದು ಇಂಥ ಕಾರ್ಡುಗಳಿಂದಲೇ.

ಕ್ಯಾಸೆಟ್ಟು ಬಂದಾಗ ಹಾಡನ್ನು ಜೇಬಿನಲ್ಲಿಟ್ಟು ಒಯ್ದು ಕೊಡುವಂತಾಯಿತು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಹೊರಬಂದು, ಭಾವಗೀತೆ ಪುಸ್ತಕ ಕೊಳ್ಳದವರ ಮನೆಯನ್ನೂ ಹೊಕ್ಕಿತು. ಖಾಲಿ ಕ್ಯಾಸೆಟ್ಟಿಗೆ ಬೇಕಾದ ಹಾಡು ತುಂಬಿಸಿಕೊಡುವ ಅಂಗಡಿಗಳೂ ಹುಟ್ಟಿಕೊಂಡವು. ಪಟ್ಟಿ ಬರೆದು ಕೊಡಬೇಕು. ಅರುವತ್ತು ನಿಮಿಷದ ಕ್ಯಾಸೆಟ್ಟಾದರೆ ಬದಿಗೆ ಮೂವತ್ತರ ಲೆಕ್ಕ. ಯಾವುದು ಮೊದಲು, ಯಾವುದನ್ನು ಬಿಡುವುದು ಎಂದು ತೂಗಿ ನೋಡುವಾಗ ಕೇಳುಗರ ರುಚಿ ಅವರಿಗೇ ಸ್ಪಷ್ಟವಾಗುತ್ತಿತ್ತು. ಕ್ಯಾಸೆಟ್ಟು ಪೈರಸಿಗೆ ದಾರಿ ಮಾಡಿದ್ದು ನಿಜ, ಅದರಿಂದ ಕಲಾವಿದರು ನಷ್ಟ ಅನುಭವಿಸಿದ್ದೂ ನಿಜ. ಆದರೂ ರೇಡಿಯೊದಿಂದ ಹಿಡಿದ ಎಷ್ಟೋ ಗಾಯನ ಉಳಿದುಬಂದದ್ದು ಖಾಸಗಿ ಕ್ಯಾಸೆಟ್ಟುಗಳಲ್ಲೇ.

ಆ ಕ್ಯಾಸೆಟ್ಟುಗಳ ಸಂಗೀತ ಈಗ ಫೋನಿನಿಂದ ಫೋನಿಗೆ ಹೋಗುತ್ತಿದೆ. ಕಳಿಸುವುದು ಸುಲಭ, ಕಳೆದುಹೋಗುತ್ತಿರುವುದು ವಿವರ. ತಟ್ಟೆಯ ಲೇಬಲ್ಲು, ಬಾನುಲಿಯ ಉದ್ಘೋಷಣೆ, ಕ್ಯಾಸೆಟ್ಟಿನ ಒಳಹಾಳೆ ಮಾಡುತ್ತಿದ್ದ ಕೆಲಸವನ್ನು ಈಗ ಕಳಿಸುವವರೇ ಮಾಡಬೇಕಾಗಿದೆ. ಹಾಡಿದವರು, ರಾಗ, ತಬಲಾ ಅಥವಾ ಮೃದಂಗಕ್ಕೆ ಕೂತವರು, ಬಾನುಲಿಯದೋ ಮನೆಯ ಬೈಠಕ್ಕಿನದೋ, ಸುಮಾರು ಯಾವ ಕಾಲದ್ದು ಎಂಬಷ್ಟು ತಿಳಿಸಿದರೆ ಹೊಸ ಕೇಳುಗರಿಗೆ ಬಾಗಿಲು ತೆರೆದಂತಾಗುತ್ತದೆ. ಯಾವ ಕಾಲದ್ದೆಂಬ ಮಾತು ಚಿಕ್ಕದಲ್ಲ. ಗಂಗೂಬಾಯಿ ಹಾನಗಲ್ಲರು 1930ರ ದಶಕದ ತಟ್ಟೆಗಳಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ, ತೆಳುವಾದ ಏರುಕಂಠದಲ್ಲಿ ಹಾಡಿದ್ದಾರೆ. ಆಮೇಲೆ ಗಂಟಲಿಗೆ ಚಿಕಿತ್ಸೆಯಾಗಿ ದನಿ ಗಂಡುಕಂಠದಂತೆ ಗಡುಸಾಯಿತು. ಲೋಕ ಬಲ್ಲ ಗಂಗೂಬಾಯಿ ಆ ಎರಡನೆಯ ದನಿಯವರು. ಹೇಳದೆ ಕೇಳಿಸಿದರೆ ಎರಡೂ ಒಬ್ಬರದೇ ಎಂದು ನುರಿತ ಕಿವಿಯೂ ನಂಬುವುದು ಕಷ್ಟ.